ಕೇಸ್ ಪೇಪರಿನ ಕನ್ನಡ

ನನ್ನ ಓರಗೆಯವರು ಒಬ್ಬರ ಹೊಲ ನೋಡಿ, ಇನ್ನೊಬ್ಬರ ಬಡ್ತಿ ನೋಡಿ ಹೊಟ್ಟೆ ಉರಿದುಕೊಂಡರು. ನಾನು ಹೊಟ್ಟೆ ಉರಿದುಕೊಂಡದ್ದು ಒಬ್ಬ ನರ್ಸಿನ ಕನ್ನಡ ಕೇಳಿ. ಅದೂ ಎಂಥ ಕನ್ನಡ! ಹೆಂಗಸರಿಗೆ 'ಬಂದಾನ' ಅನ್ನುತ್ತಿದ್ದರು, ಗಂಡಸರಿಗೆ 'ಹೋಗ್ಯಾಳ' ಅನ್ನುತ್ತಿದ್ದರು, ಪ್ರತಿ ಮಾತಿನ ಬಾಲವನ್ನು ಎಳೆದು ಎತ್ತರಕ್ಕೆ ಒಯ್ದು ಬಿಡುತ್ತಿದ್ದರು. ಆ ಕನ್ನಡದ ಎದುರು ಸೋತವನು ನಾನು, ಹುನಗುಂದದಲ್ಲಿ ಹುಟ್ಟಿ ಕನ್ನಡದಲ್ಲೇ ಎಂ.ಎ. ಮಾಡಿ ಬಾಗಲಕೋಟೆಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದವನು. ಈಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಮ್ಮ ಓಣಿಯ ಆಚೆ ಒಬ್ಬ ಡಾಕ್ಟರು ಇಪ್ಪತ್ತು ಹಾಸಿಗೆಯ ಖಾಸಗಿ ದವಾಖಾನೆ ನಡೆಸುತ್ತಿದ್ದರು. ಕೇರಳದಿಂದ ಹೊಸದಾಗಿ ನಾಲ್ವರು ನರ್ಸ್ ಹುಡುಗಿಯರನ್ನು ಕರೆಸಿಕೊಂಡಿದ್ದರು. ಕೆಲಸದಲ್ಲಿ ಚುರುಕು, ಆದರೆ ಕನ್ನಡದ ಒಂದಕ್ಷರ ಬಾರದು. ಡಾಕ್ಟರು ಒಂದು ದಿನ ನನ್ನನ್ನು ಕರೆಸಿ, ಕಪ್ಪು-ಬಸಿಯಲ್ಲಿ ಚಹಾ ಕೊಟ್ಟು ಹೇಳಿದರು.

"ಮಾಸ್ತರ, ಈ ಹುಡುಗ್ಯಾರಿಗೆ ನೀವ ಕನ್ನಡ ಕಲಸಬೇಕ್ರಿ. ಎರಡು ತಿಂಗಳದಾಗ ಇವರನ್ನ ಬಾಗಲದ ಟೇಬಲ್ಲಿಗೆ ಕುಂದ್ರಸಬೇಕು. ಬಂದ ಮಂದಿಗೆ ಕೇಳಿ ಕೇಸ್ ಪೇಪರ್ ಬರಿಯೂದು ಇವರಿಗೆ ಬರಬೇಕು, ಅಷ್ಟ ಸಾಕು."

ಸಂಭಾವನೆಯ ಮಾತು ಬಂದಾಗ ನಾನೇ ಬೇಡವೆಂದೆ. ನನಗೆ ಬೇಕಾಗಿದ್ದದ್ದು ಬೇರೆ. ದವಾಖಾನೆಯ ಮಾಳಿಗೆಯ ಮೇಲೊಂದು ಕೋಣೆ, ಕರಿಹಲಗೆ, ಕುರ್ಚಿ, ಸಂಜೆ ಐದಕ್ಕೆ ನಾನು ಮೆಟ್ಟಿಲು ಹತ್ತುವಾಗ ಕಂಪೌಂಡರು ಎದ್ದು ನಿಂತು "ಕನ್ನಡದ ಮಾಸ್ತರ ಬಂದ್ರು" ಅನ್ನಬೇಕು. ಊರಿನಲ್ಲಿ ಕನ್ನಡ ಅಂದರೆ ನಾನು ಎಂಬ ಹೆಸರು ಇತ್ತು. ಅದು ದವಾಖಾನೆಯೊಳಗೂ ನಡೆಯಬೇಕು ಎಂಬ ಆಸೆ ನನ್ನದು.

ಮೊದಲ ದಿನ ಹೋದರೆ ನಾಲ್ವರಲ್ಲ, ಐವರು ಕೂತಿದ್ದರು. ಹಿಂದಿನ ಬೆಂಚಿನಲ್ಲಿ ನಲವತ್ತರ ಹತ್ತಿರದ ಒಬ್ಬ ಹೆಂಗಸು, ತೊಡೆಯ ಮೇಲೆ ಗಾಜ್ ಬಟ್ಟೆಯ ರಾಶಿ ಇಟ್ಟುಕೊಂಡು ಚೌಕ ಚೌಕ ಮಡಚುತ್ತಿದ್ದರು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರು ಅನ್ನುತ್ತಿದ್ದರು. ಅವರೂ ಕೇರಳದವರೇ. ಹತ್ತು ವರ್ಷದ ಹಿಂದೆ ಬಾದಾಮಿಯ ಕಡೆ ಕೆಲಸಕ್ಕೆ ಬಂದು, ಅಲ್ಲಿ ರೋಗಿಗಳ ಬಾಯಿಂದಲೇ ಕನ್ನಡ ಕಲಿತು, ಆಮೇಲೆ ಇಲ್ಲಿಗೆ ಬಂದವರು. ಓದಲು ಬರೆಯಲು ಅಷ್ಟಕ್ಕಷ್ಟೆ.

"ನಾನೂ ಕುಂದರ್ಲಿ ಏನ್ರಿ ಮಾಸ್ತರ? ಕೈ ಖಾಲಿ ಇಲ್ಲ, ಕಿವಿ ಖಾಲಿ ಐತಿ" ಎಂದರು.

"ಕುಂದ್ರ್ರಿ" ಎಂದೆ. ದೊಡ್ಡ ಮನಸ್ಸು ಮಾಡಿದವನಂತೆ.

ನಾನು ಕಲಿಸುವ ಕ್ರಮ ನನಗೆ ಬಹಳ ಚಂದ ಕಾಣುತ್ತಿತ್ತು. ಮೊದಲು ವರ್ಣಮಾಲೆ, ಮಹಾಪ್ರಾಣ ಹೇಳುವಾಗ ಅಂಗೈ ಬಾಯಿಯ ಮುಂದೆ ಹಿಡಿದು ಉಸಿರು ತಾಗಿಸಿ ತೋರಿಸುವುದು, ನಂತರ ವಿಭಕ್ತಿ, ನಂತರ ಕೇಸ್ ಪೇಪರಿಗೆ ಬೇಕಾದ ಹನ್ನೆರಡು ವಾಕ್ಯಗಳು. ನಿಮ್ಮ ಹೆಸರೇನು? ನಿಮ್ಮ ಊರು ಯಾವುದು? ನಿಮ್ಮ ಗಂಡನ ಹೆಸರೇನು? ನಿಮಗೆ ಎಲ್ಲಿ ನೋಯುತ್ತದೆ? ಮುದ್ದಾಗಿ ಕರಿಹಲಗೆಯ ಮೇಲೆ ಬರೆದು, ಹತ್ತು ಸಲ ಹೇಳಿಸಿ, ಹತ್ತು ಸಲ ಬರೆಸಿದೆ. ಹುಡುಗಿಯರು ಜಾಣೆಯರು. ತಿಂಗಳೊಳಗೆ ನನ್ನ ಹೈಸ್ಕೂಲಿನ ಹುಡುಗರಿಗಿಂತ ಶುದ್ಧವಾಗಿ ಹೇಳತೊಡಗಿದರು. ಅವರ ಬಾಯಲ್ಲಿ ನನ್ನ ವಾಕ್ಯ ಕೇಳುವಾಗ ಎದೆ ಉಬ್ಬುತ್ತಿತ್ತು.

ಕೊನೆಯ ವಾರ ದೊಡ್ಡ ಸಿಸ್ಟರು ಗಾಜ್ ಮಡಚುವುದನ್ನು ನಿಲ್ಲಿಸಿ ಕೈ ಎತ್ತಿದರು.

"ಮಾಸ್ತರ, ಗಂಡನ ಹೆಸರು ಕೇಳೂದು ಐತಲ್ರಿ, ಆ ಮಾತು ಬ್ಯಾಡ್ರಿ. ಹಂಗ ಕೇಳಿದರ ಯಾರೂ ಹೇಳಂಗಿಲ್ಲ."

ಹುಡುಗಿಯರು ನನ್ನ ಮುಖ ನೋಡಿದರು. ನನ್ನ ತರಗತಿಯಲ್ಲಿ, ನನ್ನ ವಾಕ್ಯದಲ್ಲಿ ತಪ್ಪು ಹುಡುಕುವುದೆ? ಅದೂ ಅಕ್ಕನನ್ನು 'ಬಂದಾನ' ಅನ್ನುವ ಹೆಂಗಸು?

"ವಾಕ್ಯದಾಗ ಏನು ತಪ್ಪೈತಿ, ತೋರಸ್ರಿ" ಎಂದೆ.

"ತಪ್ಪಿಲ್ಲ ಮಾಸ್ತರ. ವಾಕ್ಯ ಚಲೋ ಐತಿ. ಆದರ..."

"ಅಂದಮ್ಯಾಗ ಆತಲ್ಲ. ನೀವು ಕೇರಳದವರು ನನಗ ಕನ್ನಡ ಹೇಳಿಕೊಡ್ತೀರೇನ್ರಿ?"

ಅವರು ಗಾಜ್ ಮತ್ತೆ ಮಡಚತೊಡಗಿದರು. ನಾಲ್ವರಲ್ಲಿ ಎಲ್ಲರಿಗಿಂತ ಸಣ್ಣವಳು ಮಾತ್ರ ಆ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕಿಕೊಂಡದ್ದನ್ನು ನೋಡಿದೆ. "ಅದೇನು?" ಎಂದೆ. ಅಳಿಸಿಬಿಟ್ಟಳು.

ಈ ಜಾಗದಲ್ಲಿ ನಾನು ನನ್ನನ್ನು ಒಂದು ಮಾತು ಬೈದುಕೊಳ್ಳಬೇಕು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇ? ನನ್ನ ತಾಯಿ ಸಾಯುವತನಕ ನಮ್ಮಪ್ಪನ ಹೆಸರು ಹೇಳಲಿಲ್ಲ. ನಮ್ಮಪ್ಪನ ಹೆಸರಿನವನೇ ಆದ ನೆರೆಮನೆಯ ಹುಡುಗನನ್ನು ಕರೆಯಬೇಕಾದರೂ 'ಏ ಇವನ' ಎನ್ನುತ್ತಿದ್ದಳು. ನನ್ನ ಹೆಂಡತಿ ನನ್ನನ್ನು ಕರೆಯುವುದು "ಇಲ್ಲೆ ಕೇಳ್ರಿ" ಎಂದು. ಮದುವೆಯಲ್ಲೋ ಸೀಮಂತದಲ್ಲೋ ಹೆಂಗಸರೆಲ್ಲ ಸುತ್ತುವರಿದು ಕಾಡಿದರೆ ಮಾತ್ರ, ಪ್ರಾಸ ಕಟ್ಟಿದ ಎರಡು ಸಾಲು ಹೇಳಿ ಅದರ ಕೊನೆಗೆ ಗಂಡನ ಹೆಸರು ಪಟಕ್ಕನೆ ಸೇರಿಸುತ್ತಾರೆ. ಅದಕ್ಕೆ ಒಡಪು ಹಾಕುವುದು ಅನ್ನುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ನಾನು ಗಂಡಸು, ನನಗೆ ಯಾವ ಹೆಂಗಸನ್ನೂ ಆ ಪ್ರಶ್ನೆ ಕೇಳುವ ಪ್ರಸಂಗ ಬಂದಿರಲಿಲ್ಲ. ಕರಿಹಲಗೆಯ ಮೇಲೆ ಬರೆಯುವಾಗ ಅದು ನೆನಪಿಗೇ ಬರಲಿಲ್ಲ.

ಹುಡುಗಿಯರು ಟೇಬಲ್ಲಿಗೆ ಕೂತ ಮೊದಲ ದಿನ ಸೋಮವಾರ. ಸಾಲಿನಲ್ಲಿ ಮೊದಲಿಗಳು ಐಹೊಳೆಯ ಕಡೆಯಿಂದ ಬಂದ ಕೂಲಿ ಹೆಂಗಸು. ಕುಡುಗೋಲು ತಾಗಿ ಅಂಗೈಗೆ ಗಾಯವಾಗಿತ್ತು. ಹೆಸರು ಹೇಳಿದಳು, ಊರು ಹೇಳಿದಳು. "ನಿಮ್ಮ ಗಂಡನ ಹೆಸರೇನು?" ಎಂದು ಸಣ್ಣ ಹುಡುಗಿ ಸ್ಪಷ್ಟವಾಗಿ ಕೇಳಿದಳು. ಆಕೆ ಸೆರಗು ಬಾಯಿಗೆ ಇಟ್ಟುಕೊಂಡಳು. ಹುಡುಗಿ ತನ್ನ ಉಚ್ಚಾರವೇ ತಪ್ಪಿರಬೇಕೆಂದು ಇನ್ನಷ್ಟು ಬಿಡಿಸಿ, ಇನ್ನಷ್ಟು ಗಟ್ಟಿಯಾಗಿ ಕೇಳಿದಳು. ಸಾಲಿನಲ್ಲಿದ್ದ ಗಂಡಸರು ನಕ್ಕರು. ಆ ಹೆಂಗಸು ತಿರುಗಿ ನೋಡದೆ ಹೊರಟೇಹೋದಳು, ಗಾಯವನ್ನು ತೋರಿಸದೆ.

ಆ ಸಾಲನ್ನು ಖಾಲಿ ಬಿಡುವಂತೆಯೂ ಇರಲಿಲ್ಲ. ಒಂದೇ ಊರಿನಿಂದ ಒಂದೇ ಹೆಸರಿನ ಮೂವರು ಬರುತ್ತಿದ್ದರು. ಗಂಡನ ಹೆಸರಿಲ್ಲದಿದ್ದರೆ ಒಬ್ಬಳ ಔಷಧ ಇನ್ನೊಬ್ಬಳ ಹೊಟ್ಟೆಗೆ ಹೋದೀತು.

ನನ್ನನ್ನು ಕರೆಸಿದರು. ನಾನು ಬಂದು ವಾಕ್ಯ ಪರೀಕ್ಷೆ ಮಾಡಿ, "ಸರಿಯಾಗಿ ಕೇಳ್ಯಾಳ" ಎಂದು ತೀರ್ಪು ಕೊಟ್ಟೆ. ಸಾಲಿನಲ್ಲಿದ್ದ ಇನ್ನೊಬ್ಬ ಹೆಂಗಸನ್ನು ನಾನೇ ಕೇಳಿದೆ. ಆಕೆ ಗೋಡೆಗೆ ಮುಖ ಮಾಡಿ ನಿಂತಳು. ಆಗ ನನ್ನ ಕಿವಿ ಬಿಸಿಯಾಯಿತು.

ದೊಡ್ಡ ಸಿಸ್ಟರು ವಾರ್ಡಿನಿಂದ ಬಂದರು. ಸಣ್ಣ ಹುಡುಗಿಯ ಬೆನ್ನ ಮೇಲೆ ಕೈ ಇಟ್ಟು ತಾವೇ ಪೆನ್ನು ತಗೊಂಡರು. ಗೋಡೆಗೆ ಮುಖ ಮಾಡಿದ ಆ ಗುಳೇದಗುಡ್ಡದ ಹೆಂಗಸಿನ ತೋಳು ಹಿಡಿದು, "ಬಾ ಯವ್ವಾ" ಎಂದು ಕರೆದು, ಬೆಂಚಿನವರ ಕಡೆ ತಿರುಗಿ, "ಇಂಥಾ ಖಣದ ಕುಬಸಾ ಹಾಕ್ಕೊಂಡ ಬಂದಾನ, ಒಂದ ಒಡಪಾ ಹಾಕೂದಿಲ್ಲೇನು?" ಎಂದರು.

ಬೆಂಚಿನ ಮೇಲಿದ್ದ ಹೆಂಗಸರೆಲ್ಲ ಒಮ್ಮೆಲೇ ನಕ್ಕರು. 'ಬಂದಾನ' ಎಂದದ್ದಕ್ಕೂ ನಕ್ಕರು, ಒಡಪಿನ ಮಾತಿಗೂ ನಕ್ಕರು. "ಹಾಕವಾ, ಹಾಕು" ಎಂದು ಒಬ್ಬರಿಗೊಬ್ಬರು ತಿವಿದರು. ಆಕೆ ನಾಚಿ, ಹಣೆ ಒರೆಸಿಕೊಂಡು ಶುರು ಮಾಡಿದಳು.

"ಗುಳೇದಗುಡ್ಡದ ಖಣ, ನೆರಳಿಗೆ ಒಣಗಿದ ಬಣ್ಣ, ನಮ್ಮ ಮನಿಯಾಂವ್ರ ಮಾತಂದ್ರ ಬೆಲ್ಲದ ಹೂರಣ..."

ಕೊನೆಗೆ ಹೆಸರು ಬಂತು. ಸಿಸ್ಟರು ಬರೆದುಕೊಂಡರು. ಮುಂದೆ ಸಾಲು ಸರಸರ ಸರಿಯಿತು. ಹಾಕಲು ಬಾರದವರ ಜೊತೆ ಬಂದ ಅತ್ತಿಗೆಯನ್ನೋ ನಾದಿನಿಯನ್ನೋ ಕೇಳಿದರು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ, ನನಗೆ ಯಾರೂ ಕುಳಿತುಕೊಳ್ಳಿ ಎನ್ನಲಿಲ್ಲ.

ಅಂಗೈ ಗಾಯದ ಹೆಂಗಸು ಮೂರು ದಿನದ ಮೇಲೆ ಮರಳಿ ಬಂದಳು. ಕೈ ಮೊಣಕೈತನಕ ಬಾತಿತ್ತು. ಸಿಸ್ಟರು ದಿನಾ ಕೀವು ತೆಗೆದು ಪಟ್ಟಿ ಕಟ್ಟಿ, ಹದಿನೈದು ದಿನದಲ್ಲಿ ಕೈ ಉಳಿಸಿದರು. ಡಾಕ್ಟರು ನನಗೆ ಸಿಟ್ಟು ಮಾಡಲಿಲ್ಲ. "ನಿಮ್ಮ ಕನ್ನಡ ಭಾಳ ಚಲೋ ಐತ್ರಿ ಮಾಸ್ತರ. ಆದ್ರ ನಿಮಗ ಅದನ್ನ ಕಲಿಯೂ ಪ್ರಸಂಗ ಬಂದಿಲ್ಲ ನೋಡ್ರಿ" ಎಂದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನನ್ನ ಮಾಳಿಗೆಯ ತರಗತಿ ಕರಗತೊಡಗಿತು. ಹುಡುಗಿಯರು ವಾರ್ಡಿನಲ್ಲಿ ಸಿಸ್ಟರ ಹಿಂದೆ ಹಿಂದೆ ತಿರುಗಿ ಕಲಿಯತೊಡಗಿದರು. ಹೊಟ್ಟಿ ಕಡಿಯುವುದು ಬೇರೆ, ಹೊಟ್ಟಿ ಉರಿಯುವುದು ಬೇರೆ, ಸಂಕಟ ಆಗುವುದು ಬೇರೆ ಎಂದು ಸಿಸ್ಟರು ತಮ್ಮ ಹೊಟ್ಟೆಯ ಮೇಲೇ ಕೈಯಿಟ್ಟು ತೋರಿಸುತ್ತಿದ್ದರು. ಯಾರನ್ನು ಏನು ಕೇಳಬಾರದು ಎಂಬುದನ್ನು ಮೊದಲು ಕಲಿಸುತ್ತಿದ್ದರು, ಕೇಳುವುದನ್ನು ಆಮೇಲೆ. ತಾವು ಬಾದಾಮಿಯಲ್ಲಿ ಎಲ್ಲಿ ಎಲ್ಲಿ ಮುಗ್ಗರಿಸಿದ್ದರೋ ಆ ಜಾಗವೆಲ್ಲ ಅವರಿಗೆ ನೆನಪಿತ್ತು. ನಾನು ಮುಗ್ಗರಿಸಿದವನೇ ಅಲ್ಲ, ನನಗೆ ಯಾವ ಜಾಗ ನೆನಪಿರಬೇಕು? ಮಾಳಿಗೆಗೆ ಕೊನೆಗೆ ಬರುತ್ತಿದ್ದವಳು ಸಣ್ಣ ಹುಡುಗಿ ಒಬ್ಬಳೇ. ಅಕ್ಷರ ಚಂದ ಬರೆಯಬೇಕೆಂಬ ಆಸೆ ಅವಳಿಗೆ. ನನ್ನ ಮೇಲಿನ ಕನಿಕರವೂ ಇದ್ದೀತು.

ನಾನು ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಸಂಜೆ ಬೇಗ ಹೋಗಿ ಕೆಳಗೆ ಟೇಬಲ್ಲಿನ ಪಕ್ಕದ ಬೆಂಚಿನಲ್ಲಿ ಪತ್ರಿಕೆ ಹಿಡಿದು ಕೂಡತೊಡಗಿದೆ. ಸಿಸ್ಟರ ಬಾಯಿಂದ ತಪ್ಪು ಬಿದ್ದೊಡನೆ ಪತ್ರಿಕೆಯ ಹಿಂದಿನಿಂದಲೇ ತಿದ್ದುತ್ತಿದ್ದೆ. "ಬಂದಾನ ಅಲ್ರಿ, ಬಂದಾಳ." "ಹೋಗ್ಯಾಳ ಅಲ್ರಿ, ಹೋಗ್ಯಾನ." ಅವರು ಪ್ರತಿ ಸಲ "ಹೌದ್ರಿ ಮಾಸ್ತರ" ಎಂದು ತಿದ್ದಿ ಹೇಳಿ, ಮುಂದಿನ ಮಾತಿನಲ್ಲಿ ಮತ್ತೆ ಅದೇ ತಪ್ಪು ಮಾಡುತ್ತಿದ್ದರು. ಒಂದು ದಿನ ಕೆಮ್ಮಿಗೆ ತೋರಿಸಲು ಬಂದ ಒಬ್ಬ ಮುದುಕಿ ನನ್ನ ಪತ್ರಿಕೆಯನ್ನು ಕೋಲಿನಿಂದ ಕೆಳಗೆ ಸರಿಸಿದಳು.

"ಏ ತಮ್ಮಾ, ನೀ ಸುಮ್ಮ ಕುಂದ್ರು. ಅಕಿ ಮಾತು ನಮಗ ತಿಳಿತೈತಿ. ನಡುವ ನಿಂದೇನು?"

ಇಡೀ ಬೆಂಚು ನಕ್ಕಿತು. ಸಿಸ್ಟರು ಮಾತ್ರ ನಗಲಿಲ್ಲ. ಅವರು ನಕ್ಕಿದ್ದರೆ ನನ್ನ ಹೊಟ್ಟೆಕಿಚ್ಚು ಅಷ್ಟು ದಿನ ಉಳಿಯುತ್ತಿರಲಿಲ್ಲ ಅನಿಸುತ್ತದೆ.

ಮನೆಗೆ ಬಂದು ಎಲ್ಲವನ್ನೂ ಹೆಂಡತಿಯ ಮುಂದೆ ಕಾರುತ್ತಿದ್ದೆ. ಅವಳು ಇಳಕಲ್ಲಿನವಳು, ತವರಿನಲ್ಲಿ ಮನೆತುಂಬ ಮಗ್ಗದ ಸದ್ದಿನ ನಡುವೆ ಬೆಳೆದವಳು. ಅದಕ್ಕೇ ಏನೋ, ನನ್ನ ಗದ್ದಲ ಅವಳಿಗೆ ತಾಗುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದಳು.

"ಆ ಸಿಸ್ಟರ್‍ನ ಒಮ್ಮೆ ನೋಡಬೇಕಲ್ರಿ" ಎಂದಳು ಒಂದು ದಿನ.

"ಯಾಕ?"

"ನೀವು ಬ್ಯಾರೆ ಯಾರನ್ನೂ ಇಷ್ಟ ನೆನೆಸೂದು ನಾ ಕಂಡಿಲ್ಲ."

ನಾನು ತಾಟು ಸರಿಸಿ ಎದ್ದೆ. ಮತ್ತೆ ಹಸಿವಾಗಿ ಬಂದು ಕೂತೆ.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ, ನಾನು ಒಂಬತ್ತನೆಯ ವರ್ಗದಲ್ಲಿ ಪಾಠ ಮಾಡುತ್ತಿದ್ದಾಗ, ನಮ್ಮ ಓಣಿಯ ಟಾಂಗಾದ ಚಾಚಾ ಬಾಗಿಲಲ್ಲಿ ಬಂದು ನಿಂತರು.

"ಮಾಸ್ತರ, ಗಾಬರಿ ಆಗಬ್ಯಾಡ್ರಿ. ಮನಿಯಾಗ ಅಕ್ಕಾರಿಗೆ ಹೊಟ್ಟಿ ಬ್ಯಾನಿ ಜೋರ ಆತು. ದವಾಖಾನ್ಯಾಗ ಇಳಿಸಿ ಬಂದೇನಿ."

ಅಪೆಂಡಿಕ್ಸ್ ಆಗಿತ್ತು. ಮೊದಲೇ ಹೇಳಿಬಿಡುತ್ತೇನೆ, ಆಪರೇಶನ್ ಚೆನ್ನಾಗಿ ಆಯಿತು, ಹತ್ತು ದಿನಕ್ಕೆ ಮನೆಗೆ ಬಂದಳು, ಇವತ್ತಿಗೂ ನನ್ನ ಚಷ್ಮಾ ಹುಡುಕಿಕೊಡುವವಳು ಅವಳೇ. ನಾನು ಹೇಳಬೇಕಾದದ್ದು ಆಪರೇಶನ್ನಿನ ಮೊದಲಿನ ಅರ್ಧ ತಾಸಿನ ಮಾತು.

ಪಕ್ಕದ ಮನೆಯವರು ಮಕ್ಕಳನ್ನು ನೋಡಿಕೊಳ್ಳಲು ಉಳಿದಿದ್ದರಿಂದ ಅವಳು ಒಬ್ಬಳೇ ಬಂದಿದ್ದಳು. ನಾನು ಏದುಸಿರು ಬಿಡುತ್ತ ದವಾಖಾನೆಯೊಳಗೆ ಹೊಕ್ಕಾಗ ಬೆಂಚಿನ ಮಂದಿ ಎದ್ದು ನಿಂತು ಕಿವಿ ಕೊಟ್ಟಿದ್ದರು. ಟೇಬಲ್ಲಿನ ಪಕ್ಕದ ಹಸಿರು ಪರದೆಯ ಹಿಂದೆ ಅವಳನ್ನು ಮಲಗಿಸಿದ್ದರು. ಸಿಸ್ಟರಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಅವಳಿಗೆ ಸಿಸ್ಟರು ಯಾರೆಂದು ಚೆನ್ನಾಗಿ ಗೊತ್ತಿತ್ತು, ಆ ಎಳೆದು ಎತ್ತರಕ್ಕೆ ಒಯ್ಯುವ ಮಾತನ್ನು ನಾನು ಮನೆಯಲ್ಲಿ ಅಣಕಿಸಿ ತೋರಿಸಿದ್ದೆ.

"ಒಂದ ಒಡಪಾ ಹಾಕಿಬಿಡ ಯವ್ವಾ. ಡಾಕ್ಟರ ಬರೂದರಾಗ ಬರಿಬೇಕು" ಎಂದು ಸಿಸ್ಟರು ಹೇಳಿದ್ದು ಕೇಳಿಸಿತು.

ನಾನು ಪರದೆ ಸರಿಸಬೇಕಾಗಿತ್ತು. ಸರಿಸಲಿಲ್ಲ. ನನ್ನ ಹೆಂಡತಿ ನೋವಿಗೆ ಒಮ್ಮೆ ಹಲ್ಲು ಕಚ್ಚಿ, ಉಸಿರು ಹಿಡಿದು ಬಿಟ್ಟು ಹೇಳಿದಳು.

"ಊರ ಮಕ್ಕಳ ತಪ್ಪು ತಿದ್ದತಾರ ಕೆಂಪು ಗೀಟು ಮಾಡಿ, ತಮ್ಮ ಚಷ್ಮಾ ತಾವ ಹುಡುಕತಾರ ಮನಿ ತುಂಬ ಓಡಾಡಿ..."

ಆಮೇಲೆ ನನ್ನ ಹೆಸರು. ಪೂರ್ತಿ ಹೆಸರು, ಕೊನೆಗೆ ಒಂದು 'ರು' ಸೇರಿಸಿ.

ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಮದುವೆಯ ದಿನ ಅವಳ ಅತ್ತಿಗೆಯರು ಕಾಡಿ ಕಾಡಿ ಹೇಳಿಸಿದಾಗ ಒಮ್ಮೆ ಕೇಳಿದ್ದೆ. ಅದು ಅತ್ತಿಗೆಯರೇ ಕಟ್ಟಿಕೊಟ್ಟ ಒಡಪು, ತಲೆ ಬಗ್ಗಿಸಿ ಪಿಸುಗುಟ್ಟಿದ್ದಳು. ಇದು ಅವಳೇ ಕಟ್ಟಿದ್ದು. ಯಾವಾಗ ಕಟ್ಟಿದಳು, ರೊಟ್ಟಿ ಬಡಿಯುವಾಗಲೋ? ಇಷ್ಟು ವರ್ಷ ಅದನ್ನು ಒಳಗಿಟ್ಟುಕೊಂಡು, ಕೇರಳದ ಒಬ್ಬ ಹೆಂಗಸು ಕೇಳಿದ ಕೂಡಲೇ ಎತ್ತಿ ಕೊಟ್ಟುಬಿಟ್ಟಳು. ನಾನು ಕೇಳಿದ್ದರೆ ಕೊಡುತ್ತಿದ್ದಳೋ ಏನೋ. ನಾನು ಯಾವತ್ತೂ ಕೇಳಿರಲಿಲ್ಲ. ಆ ಹೊತ್ತಿನಲ್ಲಿ, ಹೆಂಡತಿ ನೋವಿನಲ್ಲಿ ಬಿದ್ದಿರುವಾಗ, ನನಗಾದದ್ದು ಶುದ್ಧ ಹೊಟ್ಟೆಕಿಚ್ಚು. ತರಗತಿ ಹೋದಾಗಲೂ ಅಷ್ಟು ಆಗಿರಲಿಲ್ಲ.

ಸಿಸ್ಟರು ಹೆಸರು ಬರೆದುಕೊಂಡರು. ಆಮೇಲೆ, "ಅಯ್ಯ ಯವ್ವಾ, ನಮ್ಮ ಮಾಸ್ತರ ಮನಿಯಾಕಿ ಏನು ನೀನು! ಒಳ್ಳೆ ಮಾಸ್ತರ, ನನಗ ಭಾಳ ತಿದ್ದತಾಳ" ಎಂದರು. ನೋವಿನಲ್ಲೂ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

ಡಾಕ್ಟರು ಬಂದು ನೋಡಿ, ತಡ ಮಾಡುವಂತಿಲ್ಲ ಎಂದರು. ಕೇಸ್ ಪೇಪರು ಅವರ ಕೈಯಲ್ಲಿ ಒಳಗೆ ಹೋಯಿತು. ಹೆಂಡತಿಯನ್ನು ಗಾಲಿ ಮಂಚದ ಮೇಲೆ ಆಪರೇಶನ್ ಕೋಣೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಒಪ್ಪಿಗೆ ಪತ್ರ ಬರೆಸಿಕೊಳ್ಳಲು ನನ್ನ ಬಳಿ ಬಂದವಳು ಸಣ್ಣ ಹುಡುಗಿ, ನನ್ನ ಉಳಿದ ಒಬ್ಬಳೇ ಶಿಷ್ಯೆ. ಗಾಬರಿಯಲ್ಲಿ ಅವಳಿಗೆ ವಾರ್ಡಿನ ಕನ್ನಡ ಮರೆತು, ಮಾಳಿಗೆಯ ಕನ್ನಡ ನೆನಪಿಗೆ ಬಂದಿರಬೇಕು. ಪೆನ್ನು ಹಿಡಿದು, ನಾನು ಹೇಳಿಕೊಟ್ಟಷ್ಟೇ ಸ್ಪಷ್ಟವಾಗಿ ಕೇಳಿದಳು.

"ನಿಮ್ಮ ಹೆಂಡತಿಯ ಹೆಸರೇನು?"

ಎರಡೇ ಅಕ್ಷರದ ಹೆಸರು. ಮಹಾಪ್ರಾಣವಿಲ್ಲ, ಒತ್ತಕ್ಷರವಿಲ್ಲ. ನಾನು ಬಾಯಿ ತೆರೆದೆ. ಹೆಂಡತಿ ಮಂಚದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ಹನ್ನೆರಡು ವರ್ಷ ಅವಳನ್ನು ನಾನು 'ಏ', 'ಕೇಳಿಲ್ಲೆ', 'ಎಲ್ಲಿದ್ದೀ' ಎಂದೇ ಕರೆದಿದ್ದೆ. ಬೇರೆಯವರ ಮುಂದೆ 'ಮನಿಯಾಗ' ಎನ್ನುತ್ತಿದ್ದೆ. ಅವಳ ಎದುರಿಗೆ ಅವಳ ಹೆಸರನ್ನು ಬಾಯಿಂದ ಹೊರಡಿಸಿದ್ದು ನೆನಪೇ ಇಲ್ಲ. ಹುಡುಗಿ ಇನ್ನೊಮ್ಮೆ, ಇನ್ನಷ್ಟು ಬಿಡಿಸಿ ಕೇಳಿದಳು. ಬೆಂಚಿನ ಮಂದಿ ತಿರುಗಿ ನೋಡಿದರು. ನನ್ನ ಕೈ ತಾನಾಗಿ ಬಾಯಿಯ ಹತ್ತಿರ ಹೋಯಿತು. ಐಹೊಳೆಯ ಆ ಹೆಂಗಸು ಸೆರಗು ಇಟ್ಟುಕೊಂಡಿದ್ದಳಲ್ಲ, ನನಗೆ ಸೆರಗೂ ಇರಲಿಲ್ಲ.

ದೊಡ್ಡ ಸಿಸ್ಟರು ನಮ್ಮಿಬ್ಬರ ನಡುವೆ ಬಂದು ನಿಂತರು. "ಆ ಮಾತು ಬ್ಯಾಡ" ಎಂದು ಹುಡುಗಿಗೆ ಮೆಲ್ಲಗೆ ಹೇಳಿ, ಅವಳ ಕೈಯಿಂದ ಪೆನ್ನು ತಗೊಂಡು ನನಗೆ ಕೊಟ್ಟರು. "ನೀವ ಬರೀರಿ ಮಾಸ್ತರ. ನಿಮ್ಮ ಅಕ್ಷರ ಚಂದ ಐತಿ."

ಬರೆದೆ. ಅಕ್ಷರ ಚಂದ ಬರಲಿಲ್ಲ. ಕೆಳಗೆ ಸಹಿ ಮಾಡಿದೆ.

ಒಳಗೆ ಒಯ್ಯುವ ಮೊದಲು ರೋಗಿಯ ಹೆಸರು ಕರೆದು, ಅವರ ಬಾಯಿಂದಲೇ ಒಮ್ಮೆ 'ಓ' ಅನ್ನಿಸಿಕೊಳ್ಳುವುದು ಸಿಸ್ಟರು ತಾವೇ ಇಟ್ಟುಕೊಂಡ ನಿಯಮ. ಒಂದೇ ಹೆಸರಿನ ಮೂವರು ಬರುವ ದವಾಖಾನೆ ಅದು. ನಾನು ಬರೆದದ್ದನ್ನು ಬೆಳಕಿಗೆ ಹಿಡಿದು, ಅಕ್ಷರ ಕೂಡಿಸಿಕೊಂಡು, ಮಂಚದ ಮೇಲೆ ಬಗ್ಗಿ ಆ ಎರಡಕ್ಷರದ ಹೆಸರನ್ನು ಕರೆದರು. ಕೊನೆಯ ಅಕ್ಷರವನ್ನು ಎಳೆದು ಎತ್ತರಕ್ಕೆ ಒಯ್ದರು. ಉಚ್ಚಾರ ಪೂರಾ ತಪ್ಪಿತ್ತು.

ನಾನು ತಿದ್ದಲಿಲ್ಲ.

ನನ್ನ ಹೆಂಡತಿ "ಓ" ಅಂದಳು.